ಮೂರು ಸಾಕ್ಷಿಗಳಲ್ಲಿ ಒಬ್ಬರಾದರೂ

“ಹುಡುಗಿಗೆ ಯಾವ ಔಷಧವಾದರೂ ಆಗಿಬರುವುದಿಲ್ಲವೇ?”

ಕಳೆದ ವಾರ ಬೆಳಿಗ್ಗೆ ಎಂಟು ಗಂಟೆಗೆ ನಾಸಿಕ್‌ನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ನನ್ನನ್ನು ಕೇಳಿದ ಪ್ರಶ್ನೆ ಇದು. ಆಪರೇಷನ್ ಸಂಜೆ ನಾಲ್ಕಕ್ಕೆ. ಹಾಸಿಗೆಯ ಮೇಲಿದ್ದವಳು ನನ್ನ ಮಗಳು ಮೇಘಾ, ಹದಿನಾಲ್ಕು ವರ್ಷ. ಹಿಂದಿನ ದಿನ ಶಾಲೆಯ ಮೆಟ್ಟಿಲಿನಿಂದ ಬಿದ್ದು ಬಲ ಮೊಣಕೈ ಮುರಿದುಕೊಂಡಿದ್ದಳು. ಮುರಿದ ಎಲುಬು ನರವನ್ನು ಒತ್ತುತ್ತಿತ್ತು. ಕಿರುಬೆರಳಿಗೆ ಜೋಮು ಬಂದಿತ್ತು. ಬಹಳ ಕಾಯುವ ಹಾಗಿಲ್ಲ ಅಂದಿದ್ದರು.

ಪ್ರಶ್ನೆ ಸುಲಭದ್ದು. ಉತ್ತರವೂ ನಾಲಿಗೆಯ ತುದಿಯಲ್ಲೇ ಇತ್ತು.

“ಸಲ್ಫಾ” ಅಂದೆ.

ಹನ್ನೊಂದು ವರ್ಷದ ಹಿಂದೆ ನಾವು ಔರಂಗಾಬಾದ್‌ನಲ್ಲಿದ್ದೆವು. ಮೇಘಾಗೆ ಆಗ ಮೂರು ವರ್ಷ. ಜ್ವರ ಬಂತು, ಪಕ್ಕದ ಬೀದಿಯ ದವಾಖಾನೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರು, ಹತ್ತು ನಿಮಿಷದಲ್ಲಿ ತುಟಿ ಊದಿ, ಉಸಿರು ಸಿಕ್ಕಿಹಾಕಿಕೊಂಡಿತು. ಡಾಕ್ಟರು ಓಡಿಬಂದು ಇನ್ನೊಂದು ಇಂಜೆಕ್ಷನ್ ಕೊಟ್ಟು ಉಳಿಸಿದರು. “ಈ ಔಷಧ ಜನ್ಮದಲ್ಲಿ ಕೊಡಬೇಡಿ” ಅಂದರು. ಆ ದವಾಖಾನೆಯ ನೀಲಿ ಪರದೆ ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ಮಗುವಿನ ತುಟಿಯೂ.

(ಅಂದಿನಿಂದ ನನ್ನ ಹೆಂಡತಿ ಶೈಲಾ ಇಂಜೆಕ್ಷನ್ ಕೊಡುವವರ ಬಾಗಿಲು ತುಳಿಯಲಿಲ್ಲ. ನೆಗಡಿಗೂ ಜ್ವರಕ್ಕೂ ಹೋಮಿಯೋಪಥಿಯ ಬಿಳಿ ಗುಳಿಗೆ. ಆ ಗುಳಿಗೆಗಳನ್ನು ಇದೇ ಅಂಕಣದಲ್ಲಿ ನಾನು ಎಷ್ಟು ಸಲ ಗೇಲಿ ಮಾಡಿದ್ದೇನೆ ಎಂದು ನಿಮಗೆ ಗೊತ್ತು. ಅದರಲ್ಲಿ ಏನೂ ಇರುವುದಿಲ್ಲ ಅಂತ ಈಗಲೂ ನಂಬಿದ್ದೇನೆ. ಏನೂ ಇಲ್ಲದ್ದೇ ಮೇಘಾಳನ್ನು ಹನ್ನೊಂದು ವರ್ಷ ಕಾಯಿತೋ ಏನೋ.)

“ಖಚಿತವೇ? ಏನಾದರೂ ಬರೆದದ್ದು ಇದೆಯೇ?” ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದರು.

ಬರೆದದ್ದು ಇಲ್ಲ. ಔರಂಗಾಬಾದ್‌ನಿಂದ ನಾಸಿಕ್‌ಗೆ ಮನೆ ಬದಲಿಸುವಾಗ ಹಳೆಯ ಫೈಲು ಕಳೆದುಹೋಗಿತ್ತು. ಆದರೆ ನನ್ನ ಹತ್ತಿರ ಅದಕ್ಕಿಂತ ಒಳ್ಳೆಯದು ಇತ್ತು. ಲೆಕ್ಕ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಹೊಟ್ಟೆ ಹೊರೆಯುವುದು ಸಾತ್ಪುರದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ಮಂಚದ ಪಕ್ಕದಲ್ಲೇ ನಿಂತು ಆಸ್ಪತ್ರೆಯ ಒಂದು ಚೀಟಿಯ ಹಿಂದೆ ಪೆನ್ನು ಓಡಿಸಿದೆ.

ಇದು ಗೊತ್ತಿರುವವರು ನಾವು ಮೂವರು: ನಾನು, ಶೈಲಾ, ಆಗ ನಮ್ಮ ಮನೆಯಲ್ಲಿದ್ದು ಓದುತ್ತಿದ್ದ ಅವಳ ತಮ್ಮ ವಸಂತ. ಮೂವರೂ ಹೇಳುವುದು ಸಲ್ಫಾ ಎಂದೇ. ಮನುಷ್ಯನ ನೆನಪನ್ನು ನಾನು ಹೆಚ್ಚು ನಂಬುವವನಲ್ಲ. ಹನ್ನೊಂದು ವರ್ಷದ ಹಿಂದಿನದು ಬೇರೆ. ಆದ್ದರಿಂದ ಒಬ್ಬೊಬ್ಬರೂ ತಪ್ಪಿರುವ ಸಾಧ್ಯತೆ ಹತ್ತಕ್ಕೆ ಮೂರು ಅಂತ ಧಾರಾಳವಾಗಿಯೇ ಇಟ್ಟುಕೊಂಡೆ. ಮೂವರೂ ತಪ್ಪಿರಬೇಕಾದರೆ? 0.3ನ್ನು ಮೂರು ಸಲ ಗುಣಿಸಿ. 0.027. ಅದನ್ನು ಒಂದರಿಂದ ಕಳೆಯಿರಿ. ಕನಿಷ್ಠ ಒಬ್ಬರಾದರೂ ಸರಿ ಇರುವ ಸಾಧ್ಯತೆ ನೂರಕ್ಕೆ ತೊಂಬತ್ತೇಳು ಚಿಲ್ಲರೆ. ಮೂವರ ಮಾತೂ ಒಂದೇ ಆದ್ದರಿಂದ ಒಬ್ಬರು ಸರಿ ಇದ್ದರೆ ಮೂವರೂ ಸರಿ.

(ಈ ಕೊನೆಯ ಹೆಜ್ಜೆಯಲ್ಲಿ ಬೇರೆಯದೇ ಒಂದು ದೋಷವಿದೆ. ಸಂಖ್ಯಾಶಾಸ್ತ್ರ ಓದಿದ ಓದುಗರು ಆಗಲೇ ನಗುತ್ತಿರಬಹುದು. ನಗಲಿ. ಅದಕ್ಕಿಂತ ದೊಡ್ಡ ದೋಷ ಮುಂದಿದೆ.)

“ತೊಂಬತ್ತೇಳು ಪರ್ಸೆಂಟ್, ಮೇಡಂ” ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದೆ.

ಅವರು ಚೀಟಿ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, “ಈ ಮೂವರಲ್ಲಿ ಆ ದಿನ ದವಾಖಾನೆಯಲ್ಲಿ ಇದ್ದವರು ಎಷ್ಟು ಜನ?”

ಶೈಲಾ ಕಡೆ ತಿರುಗಿದೆ.

“ನಾ ಎಲ್ಲಿದ್ದೆ? ನಾ ಸಾಲ್ಯಾಗ ಪಾಠ ಮಾಡ್ಲಿಕತ್ತಿದ್ದೆ. ಸಂಜೀಕ ಮನೀಗೆ ಬಂದಾಗ ಕೂಸು ಮಲಗಿತ್ತು. ತುಟಿ ಬಾತಿದ್ದು ನೋಡೇನಿ, ಅಷ್ಟ.”

ವಸಂತನಿಗೆ ಫೋನ್ ಹಚ್ಚಿದೆ. ಈಗ ಪುಣೆಯಲ್ಲಿದ್ದಾನೆ.

“ಸಲ್ಫಾನ ಭಾವ, ಡೌಟೇ ಇಲ್ಲ.”

“ನೀ ಅಲ್ಲಿದ್ದ್ಯಾ?”

“ನಾ ಕಾಲೇಜಿನ್ಯಾಗ ಇದ್ದೆ. ನೀವಽ ಹೇಳಿದ್ದಲ್ಲ?”

“ಹಾಗಾದರೆ ನೋಡಿದವನು ನಾನು” ಎಂದು ಡಾಕ್ಟರಮ್ಮನಿಗೆ ಹೇಳಿದೆ. “ನನಗೆ ಚೆನ್ನಾಗಿ ನೆನಪಿದೆ. ನೀಲಿ ಪರದೆ ಇತ್ತು.”

ಶೈಲಾ ನನ್ನ ಮುಖವನ್ನೇ ನೋಡುತ್ತಿದ್ದಳು. “ಏನ್ರೀ, ನೀವು ಮನ್ಮಾಡದಾಗ ಇದ್ರಿ.”

“ಇಲ್ಲ.”

“ಇದ್ರಿ. ಕಂಪನಿ ಕೆಲಸಕ್ಕ ಹೋಗಿದ್ರಿ. ಎರಡು ದಿನ ಬಿಟ್ಟು ಬಂದ್ರಿ. ಬರೂವಾಗ ಅಕಿಗೆ ಪ್ಲಾಸ್ಟಿಕ್ ರೈಲು ತಂದಿದ್ರಿ. ನೀವು ಬರೂದ್ರಾಗ ತುಟಿ ಇಳಿದು ಅಕಿ ಅಂಗಳದಾಗ ಆಡ್ಲಿಕತ್ತಿದ್ಲು.”

ಪ್ಲಾಸ್ಟಿಕ್ ರೈಲು. ಹಳದಿ ಇಂಜಿನ್. ಅದೂ ನೆನಪಾಯಿತು. ಮನ್ಮಾಡ್ ಸ್ಟೇಷನ್ ಹೊರಗೆ ತಂದದ್ದು. ಎರಡು ನೆನಪೂ ಒಂದೇ ದಿನಕ್ಕೆ ಸೇರಿದವಾದರೆ ಒಂದು ಸುಳ್ಳು. ರೈಲು ಆರು ವರ್ಷ ನಮ್ಮ ಮನೆಯಲ್ಲಿ ಓಡಾಡಿದ್ದನ್ನು ಎಲ್ಲರೂ ನೋಡಿದ್ದಾರೆ. ನೀಲಿ ಪರದೆಯನ್ನು ನೋಡಿದವನು ನಾನೊಬ್ಬನೇ.

ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಮಂಚದ ಮೇಲಿಂದ ಮೇಘಾ, “ಅಪ್ಪಾ, ಡೋಂಟ್ ವರಿ. ಸಲ್ಫಾಚ್ ಹೋತಂ. ನನಗ ಎಲ್ಲಾ ಯಾದ್ ಅದ. ಬ್ಲೂ ಕರ್ಟನ್ ಪಣ ಯಾದ್ ಅದ” ಅಂದಳು. ಸಲ್ಫಾನೇ ಆಗಿತ್ತು, ನೀಲಿ ಪರದೆಯೂ ನೆನಪಿದೆ ಅಂತ. ಅವಳ ಕನ್ನಡ ಹಾಗೇ, ಮೂರು ಭಾಷೆಯ ಚಿತ್ರಾನ್ನ. ಆದರೆ ಮೂರು ವರ್ಷದ ಕೂಸಿಗೆ ಪರದೆಯ ಬಣ್ಣ ನೆನಪಿರುತ್ತದೆಯೇ? ಬಂದವರ ಮುಂದೆಲ್ಲ ನಾನು ಹೇಳಿದ ಕಥೆ ಅವಳ ತಲೆಯೊಳಗೆ ಹೋಗಿ ನೆನಪಾಗಿ ಕೂತಿದೆ. ನಾಲ್ಕನೆಯ ಸಾಕ್ಷಿ! ಲೆಕ್ಕ ಹಾಕಿದ್ದರೆ ತೊಂಬತ್ತೊಂಬತ್ತು ಪರ್ಸೆಂಟ್ ಬರುತ್ತಿತ್ತು.

ನಮ್ಮ ಕಾರ್ಖಾನೆಯಲ್ಲಿ ಒಂದು ನಿಯಮ ಇದೆ. ಒಂದೇ ಭಾಗವನ್ನು ಇಬ್ಬರು ಅಳೆಯುತ್ತಾರೆ. ಮೊದಲನೆಯವನ ರೀಡಿಂಗ್ ಎರಡನೆಯವನಿಗೆ ತೋರಿಸುವುದಿಲ್ಲ. ಅವನಿಗೆ ಖಾಲಿ ಹಾಳೆಯನ್ನೇ ಕೊಡಬೇಕು. ಯಾಕೆ? ನೋಡಿದರೆ ಅವನೂ ಅದನ್ನೇ ಬರೆಯುತ್ತಾನೆ. ಸೋಮಾರಿತನದಿಂದ ಅಲ್ಲ. ಅವನ ಕಣ್ಣಿಗೆ ಅದೇ ಕಾಣತೊಡಗುತ್ತದೆ. ಈ ನಿಯಮವನ್ನು ಹೊಸ ಹುಡುಗರಿಗೆ ಕಲಿಸುವವನು ನಾನೇ. ಅದೇ ನಾನು ಮನೆಯಲ್ಲಿ ಮಾಡಿದ್ದೇನು? ನನ್ನ ರೀಡಿಂಗನ್ನು ಊಟದ ಹೊತ್ತಿನಲ್ಲಿ, ಹಬ್ಬದಲ್ಲಿ, ನೆಂಟರ ಮುಂದೆ, ಹನ್ನೊಂದು ವರ್ಷ ಗಟ್ಟಿಯಾಗಿ ಓದಿದೆ. ಈಗ ಎಲ್ಲರ ಹಾಳೆಯಲ್ಲೂ ಅದೇ ಅಂಕಿ ಇದೆ ಎಂದು ಸಂತೋಷಪಡುತ್ತಿದ್ದೇನೆ.

0.3ನ್ನು ಮೂರು ಸಲ ಗುಣಿಸಲು ಒಂದು ಷರತ್ತು ಇದೆ. ಒಬ್ಬನ ತಪ್ಪು ಇನ್ನೊಬ್ಬನ ತಪ್ಪನ್ನು ಮುಟ್ಟಿರಬಾರದು. ಇಲ್ಲಿ ಗುಣಿಸಲು ಏನೂ ಇರಲಿಲ್ಲ. ಬಾಯಿ ಮೂರು, ತಲೆ ಒಂದು. ಆ ತಲೆಯೂ ಅವತ್ತು ಮನ್ಮಾಡ್‌ನಲ್ಲಿತ್ತು.

“ಎರಡನ್ನೂ ಬಿಟ್ಟುಬಿಡಿ ಮೇಡಂ. ಸಲ್ಫಾನೂ ಬೇಡ, ಬೇರೆಯದೂ ಬೇಡ” ಅಂದೆ.

“ಬೇರೆಯದು ಅಂದರೆ ಯಾವುದು?” ಅವರು ತಾಳ್ಮೆಯಿಂದಲೇ ಕೇಳಿದರು. “ಜ್ವರದ ಇಂಜೆಕ್ಷನ್ ಆಗಿರಬಹುದು, ನೋವಿನದು ಆಗಿರಬಹುದು, ಸೋಂಕಿನದು ಆಗಿರಬಹುದು. ಎಲ್ಲವನ್ನೂ ಬಿಟ್ಟು ಆಪರೇಷನ್ ಮಾಡಲು ಆಗುವುದಿಲ್ಲ. ಅವತ್ತು ಅವಳ ಜೊತೆ ನಿಜವಾಗಿ ಯಾರಿದ್ದರು?”

ಶೈಲಾ ಹೇಳಿದಳು. “ಲೀಲಾ ಮಾವಶಿ.”

ಔರಂಗಾಬಾದ್‌ನಲ್ಲಿ ನಮ್ಮ ಪಕ್ಕದ ಮನೆಯವರು; ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಶೈಲಾ ಶಾಲೆಗೆ ಹೋದಾಗ ಮೇಘಾಳನ್ನು ನೋಡಿಕೊಳ್ಳುತ್ತಿದ್ದವರು. ಇಷ್ಟೊತ್ತಿಗೆ ಎಪ್ಪತ್ತು ದಾಟಿರಬೇಕು. ಈಗ ಮಗನ ಜೊತೆ ಗಂಗಾಪುರದಲ್ಲಿದ್ದಾರೆ ಎಂದು ವಸಂತ ಫೋನಿನಲ್ಲಿ ಹೇಳಿದ. (ನಾಸಿಕ್‌ನ ಗಂಗಾಪುರ ರೋಡ್ ಅಲ್ಲ. ಔರಂಗಾಬಾದ್ ಜಿಲ್ಲೆಯ ಗಂಗಾಪುರ.) ಮೊಬೈಲ್ ನಂಬರ್ ಕೊಟ್ಟ. ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ. ಸ್ವಿಚ್ ಆಫ್. ಲೋಡ್ ಶೆಡ್ಡಿಂಗ್ ಇರುವ ಊರಲ್ಲಿ ಮುದುಕಿಯ ಮೊಬೈಲ್ ಚಾರ್ಜ್ ಆಗಿರುವ ಸಾಧ್ಯತೆ ಎಷ್ಟು?

“ಮೂರು ಗಂಟೆವರೆಗೆ ಕಾಯುತ್ತೇನೆ” ಅಂದರು ಡಾಕ್ಟರಮ್ಮ. “ಆಮೇಲೆ ಅಂದಾಜಿನ ಮೇಲೆ ಹೋಗಬೇಕಾಗುತ್ತದೆ.”

ಹಳೆಯ ಕಾರು ಹತ್ತಿ ಗಂಗಾಪುರಕ್ಕೆ ಹೊರಟೆ. ಆಗ ಎಂಟೂವರೆ ದಾಟಿತ್ತು.

ನಿಫಾಡ್ ಬರುವವರೆಗೆ ತಲೆ ಖಾಲಿ. ಆಮೇಲೆ ಅದು ತನ್ನ ಚಾಳಿಗೆ ಇಳಿಯಿತು. ಟೈರ್ ಪಂಚರ್ ಆಗಬಹುದು. ಈರುಳ್ಳಿ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಬೀಳಬಹುದು. ರೈಲ್ವೆ ಗೇಟು ಹಾಕಿರಬಹುದು. ಮಾವಶಿ ಊರಲ್ಲಿ ಇಲ್ಲದಿರಬಹುದು. ಇದ್ದರೂ ನೆನಪು ಇಲ್ಲದಿರಬಹುದು. ನೆನಪಿದ್ದರೂ ಅಲ್ಲಿಂದ ನನ್ನ ಫೋನಿಗೆ ಸಿಗ್ನಲ್ ಸಿಗದಿರಬಹುದು. ಒಂದೊಂದೂ ಹತ್ತಕ್ಕೆ ಒಂದು ಅಂತ ಹಿಡಿಯಿರಿ. ಒಂದೊಂದಾಗಿ ನೋಡಿದರೆ ಯಾವುದೂ ಹೆದರಿಸುವಂಥದ್ದಲ್ಲ. ಆದರೆ ಆರರಲ್ಲಿ ಕನಿಷ್ಠ ಒಂದು ಆಗುವ ಸಾಧ್ಯತೆ? 0.9ನ್ನು ಆರು ಸಲ ಗುಣಿಸಿ ಒಂದರಿಂದ ಕಳೆಯಿರಿ. ನೂರಕ್ಕೆ ನಲವತ್ತೇಳು.

ಬೆಳಿಗ್ಗೆ ನನಗೆ ಧೈರ್ಯ ಕೊಟ್ಟ ಸೂತ್ರವೇ ಇದು. ಒಂದು ಅಕ್ಷರವೂ ಬದಲಾಗಿಲ್ಲ. ಬೆಳಿಗ್ಗೆ ಅದು ‘ಒಬ್ಬರಾದರೂ ಸರಿ ಇರುತ್ತಾರೆ’ ಅಂದಿತ್ತು. ಈಗ ‘ಒಂದಾದರೂ ಕೆಡುತ್ತದೆ’ ಅನ್ನುತ್ತಿತ್ತು. ದೇವರನ್ನು ನಂಬದವನು ಇಂಥ ಹೊತ್ತಿನಲ್ಲಿ ಯಾರಿಗೆ ಹರಕೆ ಹೊರಬೇಕು? (ಹೊರಲಿಲ್ಲ. ಆದರೆ ಯೇವಲಾ ದಾಟುವಾಗ ರಸ್ತೆಬದಿಯ ಒಂದು ಗುಡಿಯ ಮುಂದೆ ಕಾರು ತಾನಾಗಿಯೇ ನಿಧಾನವಾಯಿತು. ಇದನ್ನು ಶೈಲಾಗೆ ಹೇಳಿಲ್ಲ.)

ವೈಜಾಪುರದ ಹತ್ತಿರ ಅವಳಿಗೆ ಫೋನ್ ಮಾಡಿದೆ.

“ಬೆರಳು?”

“ಎರಡನೇದೂ ಜುಮ್ ಅಂತದಂತ. ನೀವು ಲಗೂ ಮಾಡ್ರಿ. ಜೋರ್ ಓಡಸಬ್ಯಾಡ್ರಿ ಮತ್ತ.”

ಬೇಗ ಬನ್ನಿ, ಆದರೆ ಜೋರಾಗಿ ಓಡಿಸಬೇಡಿ. ಗಂಡಸರ ಜನ್ಮವೆಲ್ಲ ಇಂಥ ಸೂಚನೆಗಳಲ್ಲೇ ಕಳೆಯುತ್ತದೆ.

ಗಂಗಾಪುರ ಮುಟ್ಟಿದಾಗ ಹನ್ನೆರಡೂ ಮುಕ್ಕಾಲು. ಎರಡು ಕಡೆ ಕೇಳಿ ಮನೆ ಹುಡುಕಿದೆ. ಮಾವಶಿ ಹೊಸ್ತಿಲಲ್ಲಿ ಕೂತು ಜೋಳ ಆರಿಸುತ್ತಿದ್ದರು. ಕರೆಂಟ್ ಇರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಕೋಣ? ಮೇಘಾಚೇ ಬಾಬಾ?” ಅಂದರು. ಯಾರು, ಮೇಘಾಳ ಅಪ್ಪನೇ ಅಂತ. ಹನ್ನೊಂದು ವರ್ಷದ ಮೇಲೂ ಗುರುತು ಹಿಡಿದರು. ನನ್ನ ಎದೆ ಸ್ವಲ್ಪ ಹಗುರಾಯಿತು. ನೆನಪು ಗಟ್ಟಿ ಇದೆ!

ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಮೊರ ಕೆಳಗಿಟ್ಟರು.

“ಆ ಇಂಜೆಕ್ಷನ್‌ನ ಹೆಸರಾ? ನೀವೇ ಹೇಳಿದ್ದಿರಲ್ಲ, ಸಲ್ಫಾ ಅಂತ” ಅಂದರು.

ಕಟ್ಟೆಯ ಮೇಲೆ ಕೂತೆ. ನೂರೈವತ್ತು ಕಿಲೋಮೀಟರ್ ಬಂದದ್ದು ನನ್ನ ಮಾತನ್ನೇ ವಾಪಸು ಕೇಳುವುದಕ್ಕೆ.

“ಮಾವಶಿ, ನಾನು ಹೇಳಿದ್ದು ಬಿಡಿ. ಡಾಕ್ಟರು ಏನು ಹೇಳಿದರು? ದವಾಖಾನೆ ನೆನಪು ಮಾಡಿಕೊಳ್ಳಿ. ನೀಲಿ ಪರದೆ ಇತ್ತಲ್ಲ...”

“ಎಲ್ಲಿಯ ಪರದೆ?” ಮುದುಕಿ ನಕ್ಕರು. “ಒಂದೇ ಖೋಲಿ. ಒಂದು ಟೇಬಲ್ಲು, ಒಂದು ಬೆಂಚು. ಬಾಗಿಲಿಗೇ ಒಂದು ಹಲಗೆ ಇರಲಿಲ್ಲ, ಪರದೆ ಎಲ್ಲಿಂದ ಬರಬೇಕು?”

ಆಮೇಲೆ ನಿಧಾನವಾಗಿ ಹೇಳಿದರು. ನಾನು ಮನ್ಮಾಡ್‌ನಿಂದ ಬಂದ ಸಂಜೆ ಅವರು ನಡೆದದ್ದನ್ನೆಲ್ಲ ಹೇಳುತ್ತಿದ್ದರಂತೆ. ಔಷಧದ ಹೆಸರು ಬರುವ ಮೊದಲೇ ನಾನು ಕೈ ಎತ್ತಿ, “ಗೊತ್ತಾಯ್ತು ಬಿಡಿ, ಸಲ್ಫಾ ಇರಬೇಕು. ನನ್ನ ಅವ್ವಗೂ ಆಗ್ತಿರಲಿಲ್ಲ, ರಕ್ತದಲ್ಲೇ ಬಂದಿದೆ” ಅಂದೆನಂತೆ. ಶೈಲಾಗೂ ಹಾಗೇ ಹೇಳಿದೆನಂತೆ. ಇವರು ಸುಮ್ಮನಾದರಂತೆ. ಕಲಿತ ಮನುಷ್ಯ, ಗೊತ್ತಿರುತ್ತದೆ ಅಂತ.

“ನಿಮಗೆ ಡಾಕ್ಟರು ಹೇಳಿದ್ದರಾ?”

“ಹೇಳಿದ್ದರು. ಬರೆದಿಟ್ಟುಕೊಂಡಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಅಹೋ, ತುಮ್ಹೀ ವಿಚಾರಲಂಚ್ ನಾಹೀ!” ನೀವು ಕೇಳಲೇ ಇಲ್ಲವಲ್ಲ ಅಂತ. ಬೈಗುಳದ ದನಿಯಲ್ಲ. ಅಡುಗೆಗೆ ಉಪ್ಪು ಹಾಕಿಲ್ಲ ಅಂದಷ್ಟೇ ಸಹಜವಾಗಿ.

ಬರೆದಿಟ್ಟದ್ದು ಎಲ್ಲಿ? ಕ್ಯಾಲೆಂಡರಿನಲ್ಲಿ. ಮಹಾರಾಷ್ಟ್ರದಲ್ಲಿ ಸಂಸಾರ ಮಾಡಿದವರಿಗೆ ಇದು ಗೊತ್ತು. ಅಡುಗೆಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರೇ ಮನೆಯ ದಫ್ತರ. ಹಾಲು ಹಾಕದ ದಿನ, ಸಿಲಿಂಡರ್ ಬಂದ ದಿನ, ಸೊಸೆಗೆ ಎಷ್ಟನೆಯ ತಿಂಗಳು, ಎಲ್ಲವೂ ಆ ಸಣ್ಣ ಚೌಕದಲ್ಲಿ. ವರ್ಷ ಮುಗಿದರೆ ಬಹಳ ಜನ ಅದನ್ನು ಕಪಾಟಿನ ಹಲಗೆಗೆ ಹಾಸುತ್ತಾರೆ. ಮಾವಶಿ ಟ್ರಂಕಿನಲ್ಲಿ ಇಡುತ್ತಾರೆ.

ಹಾಸಿದ್ದರೆ?

ಟ್ರಂಕನ್ನು ಬೆಳಕಿಗೆ ಎಳೆದೆವು. ಇಪ್ಪತ್ತಕ್ಕೂ ಹೆಚ್ಚು ಸುರುಳಿಗಳು, ನೂಲು ಕಟ್ಟಿದ್ದವು. ಯಾವ ವರ್ಷ? ಮೇಘಾ ಹುಟ್ಟಿದ ವರ್ಷಕ್ಕೆ ಮೂರು ಕೂಡಿಸಿದೆ. ಇಷ್ಟು ಸಣ್ಣ ಕೂಡಿಕೆಯನ್ನು ಬೆರಳು ಮಡಚಿ ಎರಡು ಸಲ ಮಾಡಿದೆ, ನನ್ನ ಮೇಲೆ ನಂಬಿಕೆ ಅಷ್ಟು ಹೋಗಿತ್ತು. ಮಳೆಗಾಲ ಎಂಬುದಷ್ಟೇ ಮಾವಶಿಗೆ ನೆನಪು. ಆ ಸುರುಳಿ ಬಿಚ್ಚಿದೆ. ಆಷಾಢದ ಪುಟ ನೋಡಿದೆ. ಇಲ್ಲ. ಮುಂದಿನ ಪುಟದ ಮೂಲೆಯನ್ನು ಹುಳು ತಿಂದಿತ್ತು. ಹುಳು ಎಲ್ಲಿಯವರೆಗೆ ತಿಂದಿದೆ ಅಂತ ನೋಡಲಿಕ್ಕೇ ಭಯ. ಮಾವಶಿ ಮೂಗಿನ ತುದಿಗೆ ಕನ್ನಡಕ ಏರಿಸಿ, ಬೆರಳನ್ನು ಒಂದೊಂದೇ ಚೌಕದ ಮೇಲೆ ಎಳೆಯುತ್ತ ಬಂದರು. ಹಾಲು ಅರ್ಧ. ಹಾಲು ಇಲ್ಲ. ಏಕಾದಶಿ. ಸಿಲಿಂಡರ್ ಬಂತು.

ಬೆರಳು ನಿಂತಿತು.

ಪೆನ್ಸಿಲ್ಲಿನಲ್ಲಿ, ಗುಂಡಗಿನ ಮರಾಠಿ ಅಕ್ಷರ. ‘ಮೇಘಾಲಾ ಪೆನಿಸಿಲಿನ್ ಚಾಲತ್ ನಾಹೀ.’ ಮೇಘಾಗೆ ಪೆನಿಸಿಲಿನ್ ಆಗುವುದಿಲ್ಲ. ಅದರ ಕೆಳಗೆ, ಹಾಲು ಅರ್ಧ.

ಅಂಗಳಕ್ಕೆ ಓಡಿದೆ. ಸಿಗ್ನಲ್ ಒಂದು ಕಡ್ಡಿ ಇತ್ತು. ಡಾಕ್ಟರಮ್ಮನಿಗೆ ಓದಿ ಹೇಳಿದೆ. ಅವರು ಒಂದೊಂದೇ ಅಕ್ಷರ ಬಿಡಿಸಿ ಹೇಳಲು ಹೇಳಿದರು. ಹೇಳಿದೆ.

“ಸಲ್ಫಾ ಎಂದು ನೀವು ಹೇಳಿದ ಮೇಲೆ ಬೆಳಿಗ್ಗೆ ನಾನು ಬರೆದಿಟ್ಟದ್ದು ಪೆನಿಸಿಲಿನ್ ಜಾತಿಯದೇ” ಅಂದರು. “ಹೊಡೆದು ಹಾಕುತ್ತಿದ್ದೇನೆ. ಬೇರೆಯದು ಕೊಡುತ್ತೇವೆ. ನಿಧಾನವಾಗಿ ಬನ್ನಿ.”

ಕಟ್ಟೆಯ ಮೇಲೆ ಕೂತು ಅತ್ತೆನೇ? ಅತ್ತೆ ಅಂತ ನೆನಪು. ಮಾವಶಿ ನೀರು ಕೊಟ್ಟರು ಅಂತಲೂ ನೆನಪು. ಆಣೆ ಮಾಡಿ ಹೇಳಲಾರೆ.

ಆಪರೇಷನ್ ಸರಿಯಾಗಿ ಆಯಿತು. ನಾನು ಆಸ್ಪತ್ರೆ ಮುಟ್ಟಿದಾಗ ಐದು ದಾಟಿತ್ತು. ಮೇಘಾ ಅರೆನಿದ್ದೆಯಲ್ಲೇ ಕಿರುಬೆರಳು ಅಲ್ಲಾಡಿಸಿ ತೋರಿಸಿದಳು. ಅಷ್ಟು ಚೆಂದದ ಬೆರಳನ್ನು ನಾನು ಈವರೆಗೆ ನೋಡಿಲ್ಲ.

ಇಲ್ಲಿಗೆ ಭಯ ಮುಗಿಯಬೇಕಿತ್ತು. ಮುಗಿದಿಲ್ಲ.

ಮೊನ್ನೆ ಹುಡುಗಿಯನ್ನು ಮನೆಗೆ ಕರೆತಂದೆವು. ಸಂಜೆ ಶೈಲಾ ಧಾರವಾಡದ ಅಕ್ಕನ ಜೊತೆ ಫೋನಿನಲ್ಲಿದ್ದಳು. ನಾನು ಪಕ್ಕದ ಕೋಣೆಯಲ್ಲಿದ್ದೆ.

“ಅಲ್ಲಕ್ಕಾ, ಎಲ್ಲಾರೂ ಸಲ್ಫಾ ಸಲ್ಫಾ ಅಂತಿದ್ವಿ. ಇವರಿಗೊಬ್ಬರಿಗೆ ಮೊದಲಿಂದ ಡೌಟ್ ಇತ್ತು ನೋಡು. ‘ಇಲ್ಲ, ನನಗೇನೋ ಬ್ಯಾರೆ ನೆನಪದ, ನಾ ಹೋಗಿ ನೋಡಿ ಬರತೇನಿ’ ಅಂತ ಕಾರ್ ತಗೊಂಡು ಹೋದ್ರು. ಇವರು ಇರದಿದ್ರ ಏನಾಗ್ತಿತ್ತೋ!”

ಒಂದೇ ವಾರ! ಅವಳು ಸುಳ್ಳು ಹೇಳುತ್ತಿರಲಿಲ್ಲ. ದನಿಯಲ್ಲಿ ಪ್ರೀತಿ ಇತ್ತು. ಎದ್ದು ಹೋಗಿ, ‘ಹಾಗಲ್ಲ, ಸಲ್ಫಾ ಅಂತ ಮೊದಲು ಹೇಳಿದವನೇ ನಾನು, ಮನ್ಮಾಡ್‌ನಲ್ಲಿದ್ದೆ ಎಂದು ನನಗೆ ನೆನಪಿಸಿದವಳು ನೀನು’ ಅಂತ ಹೇಳಬೇಕಿತ್ತು. ಏಳಲಿಲ್ಲ. ನನ್ನ ಮಗ್ಗುಲಲ್ಲಿ ಮೇಘಾ ಕಿವಿಗೊಟ್ಟು ಕೇಳುತ್ತಿದ್ದಳು, ತಲೆ ಆಡಿಸುತ್ತಿದ್ದಳು. ನಾಳೆ ಅವಳೂ ಹೀಗೇ ಹೇಳುತ್ತಾಳೆ. ವಸಂತನೂ ಹೇಳುತ್ತಾನೆ. ಮತ್ತೆ ಮೂವರು ಸಾಕ್ಷಿಗಳು.

ಅದಕ್ಕೇ ಗಡಿಬಿಡಿಯಲ್ಲಿ ಈ ವಾರವೇ ಬರೆದು ಕಳಿಸುತ್ತಿದ್ದೇನೆ. ಯಾಕೆಂದರೆ ನಿನ್ನೆಯಿಂದ ನನಗೂ ಅನ್ನಿಸತೊಡಗಿದೆ, ಮೊದಲಿನಿಂದಲೇ ನನಗೆ ಸ್ವಲ್ಪ ಅನುಮಾನ ಇತ್ತಲ್ಲವೇ?